ರಜೆಯ ಪುಸ್ತಕ ಯಾರ ಆಯ್ಕೆ?

ಏಪ್ರಿಲ್ ತಿಂಗಳ ಎರಡನೇ ವಾರ ಬಂತೆಂದರೆ ಶಾಲೆಗಳಿಗೆ ಬೇಸಿಗೆ ರಜೆ. ಐದರಿಂದ ಏಳನೇ ತರಗತಿಯವರೆಗಿನ ಮಕ್ಕಳ ಮಟ್ಟಿಗೆ ಈ ರಜೆಗೆ ಒಂದು ವಿಶೇಷವಿದೆ. ಶಿಶುಗೀತೆಗಳ ವಯಸ್ಸು ಅವರಿಗೆ ಮುಗಿದಿದೆ. ದೊಡ್ಡವರ ಕಾದಂಬರಿ ಇನ್ನೂ ಭಾರ. ಇಂಥವರ ಕೈಗೆ ಯಾವ ಪುಸ್ತಕ ಕೊಡಬೇಕು? ಪ್ರಶ್ನೆ ಹೊಸದಲ್ಲ. ಉತ್ತರಕ್ಕಾಗಿ ಶಿವಮೊಗ್ಗ ಜಿಲ್ಲೆಯಿಂದ ಬಹಳ ದೂರ ಹೋಗಬೇಕಾಗಿಯೂ ಇಲ್ಲ.

ಭದ್ರಾವತಿಯ ಓಲ್ಡ್ ಟೌನ್ ಬಳಿ ಹರಿಯುವ ಭದ್ರೆ ಮುಂದೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಆ ತುಂಗೆಯ ದಡಕ್ಕೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕಥೆಯನ್ನು ತಂದವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕವನ 1920ರ ದಶಕದಲ್ಲಿ ಅವರ ಕೈಯಲ್ಲಿ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆಯಿತು. ಊರಿಗೂ ಹೊಳೆಗೂ ಕನ್ನಡದ ಹೆಸರು ಬಂದವು. ಕಥೆಯ ಕಹಿಯನ್ನು ಮಾತ್ರ ಕವಿ ತೆಗೆದುಹಾಕಲಿಲ್ಲ. ಕೊಟ್ಟ ಮಾತಿಗೆ ತಪ್ಪಿದವರು ಹಿರಿಯರು, ಅದಕ್ಕೆ ಬೆಲೆ ತೆತ್ತವರು ಮಕ್ಕಳು. ಕಠಿಣ ಸತ್ಯವನ್ನು ಮಕ್ಕಳು ತಾಳಲಾರರೆಂಬ ಅಂಜಿಕೆ ಆ ಪದ್ಯಕ್ಕಿಲ್ಲ.

ಕಥೆಯಷ್ಟೇ ಸಾಕೆ? ಸಾಲದು ಎಂದವರು ಶಿವರಾಮ ಕಾರಂತರು. ಜಗತ್ತಿನ ತಿಳಿವಳಿಕೆಯನ್ನು ಮಕ್ಕಳ ಮುಂದಿಡುವ ಅವರ 'ಬಾಲ ಪ್ರಪಂಚ' 1936ರಲ್ಲಿ ಮೂರು ಸಂಪುಟಗಳಾಗಿ ಬಂತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದೂ ಅದೇ ವರ್ಷ. ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತವು. 1949ರಲ್ಲಿ ಕನ್ನಡಕ್ಕೆ ಬಂದು ಎಷ್ಟೋ ರಜೆಗಳನ್ನು ತುಂಬಿದ್ದ 'ಚಂದಮಾಮ'ವೂ ಈಗಿಲ್ಲ. 1970ರ ದಶಕದಲ್ಲಿ ಆರಂಭವಾದ, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ 'ಭಾರತ-ಭಾರತಿ' ಮಾಲೆಯ 510 ಪುಟ್ಟ ಪುಸ್ತಕಗಳು ಜೇಬಿನಲ್ಲಿ ಹಿಡಿಸುವಂಥವು; ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದಂಥವು.

ಮಗು ತನ್ನದೇ ನೆಲದ ನೋವನ್ನು ಓದಬಹುದೆ? ಸಾಗರದ ನಾ. ಡಿಸೋಜ (1937–2025) ಓದಬಹುದೆಂದು ನಂಬಿದ್ದರು. ಶರಾವತಿ ಯೋಜನೆಯಲ್ಲಿ ಸರ್ಕಾರಿ ನೌಕರರಾಗಿದ್ದ ಅವರು, ಊರುಗಳು ನೀರಿನಡಿ ಸೇರಿದ್ದನ್ನು ಹತ್ತಿರದಿಂದ ಬಲ್ಲವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ರಾಜ್ಯಕ್ಕೆ ಬೆಳಕು ಬಂತು, ಸಾವಿರಾರು ಜನ ಮನೆ ಬಿಟ್ಟರು. ಆ ಅನುಭವ ದೊಡ್ಡವರ ಕಾದಂಬರಿಗಳಲ್ಲೇ ಉಳಿಯಲಿಲ್ಲ. ಅವರು ಮಕ್ಕಳಿಗಾಗಿ ಬರೆದ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿತು.

ಕೊರತೆ ಪುಸ್ತಕಗಳದ್ದಲ್ಲ, ಆಯ್ಕೆಯದ್ದು. ಪುಸ್ತಕ ಕೊಳ್ಳುವವರು ಹಿರಿಯರು. ಅವರ ಕಣ್ಣು ಮುಂದಿನ ತರಗತಿಯ ಅಂಕಗಳ ಮೇಲೆ, ಇಲ್ಲವೇ ಕಥೆಯ ಕೊನೆಯ ನೀತಿಯ ಮೇಲೆ. ಓದುವವರನ್ನು ಕೇಳುವ ಪದ್ಧತಿಯೇ ಕಡಿಮೆ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಓದು ಮನೆಪಾಠದ ಇನ್ನೊಂದು ಹೆಸರಾದರೆ, ಪರೀಕ್ಷೆ ಮುಗಿದ ದಿನವೇ ಪುಸ್ತಕವೂ ಮುಚ್ಚುತ್ತದೆ.

ಆರಿಸುವ ಸ್ವಾತಂತ್ರ್ಯ ಹಣವಿಲ್ಲದ ಮನೆಯ ಮಗುವಿಗೂ ಸಿಗುವ ಜಾಗ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯೊಂದಿಗೆ ಜನ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಹಾಗಾಗಿ ಅಲ್ಲಿನ ಕಪಾಟು ಯಾರ ದಾನವೂ ಅಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರಲು 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮವೂ ಆರಂಭವಾಯಿತು.

ಮಗುವನ್ನು ಅಲ್ಲಿಗೆ ಕರೆದೊಯ್ಯುವುದು ಹಿರಿಯರ ಕೆಲಸ. ಕಪಾಟಿನಿಂದ ಪುಸ್ತಕ ತೆಗೆಯುವುದು ಮಗುವಿನ ಕೆಲಸ. ಅರ್ಧ ಓದಿ ಬೇಸರವಾದರೆ ಹಿಂತಿರುಗಿಸಿ ಬೇರೊಂದನ್ನು ತರಲಿ. ರಜೆ ಇರುವುದೇ ಅದಕ್ಕೆ. ಓದಿ ಮುಗಿಸಿದ ಮೇಲೆ 'ಇದರ ನೀತಿಯೇನು' ಎಂದು ಯಾರೂ ಕೇಳದಿದ್ದರೆ ಸಾಕು.