ಕಡಲಂಚಿನ ಕೆಸರಲ್ಲಿ ಇಂಗಾಲದ ಉಗ್ರಾಣ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಕಡಲ ತೀರವಿಲ್ಲ. ಆದರೆ ಭವಾನಿ, ನೊಯ್ಯಲ್, ಅಮರಾವತಿ ಮೂರೂ ಕಾವೇರಿಗೆ ಸೇರುತ್ತವೆ. ಕಾವೇರಿ ಕೊಳ್ಳಿಡಂ ಮತ್ತಿತರ ಕವಲುಗಳಾಗಿ ಒಡೆದು ಬಂಗಾಳ ಕೊಲ್ಲಿ ಸೇರುವ ಕಡೆ ಪಿಚ್ಚಾವರಂ, ಮುತ್ತುಪೇಟೆ ಕಾಡುಗಳಿವೆ. ತಮಿಳಿನಲ್ಲಿ ಇವು 'ಅಲೈಯಾತ್ತಿ ಕಾಡು', ಅಂದರೆ ಅಲೆಯ ಅಬ್ಬರ ತಣಿಸುವ ಕಾಡು. ಕರ್ನಾಟಕದ ಕರಾವಳಿಯವರು ಕಾಂಡ್ಲಾ ಎನ್ನುತ್ತಾರೆ.

ವಾಹನ, ಕಾರ್ಖಾನೆ, ಕಲ್ಲಿದ್ದಲಿನಿಂದ ಬರುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಹೆಚ್ಚಿನದು ನೀರಿನಲ್ಲೇ ಕರಗುತ್ತದೆ. ಇದೇನೂ ಪುಕ್ಕಟೆ ಅಲ್ಲ. ನೀರಿನ ಆಮ್ಲೀಯತೆ ಏರಿ ಹವಳ, ಚಿಪ್ಪುಜೀವಿಗಳಿಗೆ ಕುತ್ತು ಬರುತ್ತದೆ.

ಕಾಂಡ್ಲಾ ಕಾಡಿನ ರೀತಿಯೇ ಬೇರೆ. ನಮ್ಮ ತಿಪ್ಪೆಯಲ್ಲಿ ಎಲೆ ಕೊಳೆತರೆ ಅದರ ಇಂಗಾಲದಲ್ಲಿ ಬಹುಪಾಲು ಮತ್ತೆ ಗಾಳಿಗೆ ಹೋಗುತ್ತದೆ. ಅಲ್ಲಿನ ಕೆಸರಿನಲ್ಲಿ ನೀರು ತುಂಬಿರುವುದರಿಂದ ಆಮ್ಲಜನಕ ಇರುವುದಿಲ್ಲ. ಬಿದ್ದ ಎಲೆ, ಸತ್ತ ಬೇರು ಬಹಳ ನಿಧಾನ ಕೊಳೆಯುತ್ತವೆ, ಮೇಲೆ ಹೊಳೆ ತಂದ ಹೂಳು ಮುಚ್ಚುತ್ತದೆ. ಹೀಗೆ ನೂರಾರು ವರ್ಷ ಇಂಗಾಲ ಅಲ್ಲೇ ಉಳಿಯುತ್ತದೆ, ಅದೂ ಮರಕ್ಕಿಂತ ಮಣ್ಣಿನಲ್ಲೇ ಹೆಚ್ಚು. ಇದಕ್ಕೆ 'ನೀಲಿ ಇಂಗಾಲ' ಎಂದು ಹೆಸರು. ಸಿಗಡಿ ಹೊಂಡಕ್ಕಾಗಿ ಆ ಕೆಸರನ್ನು ಅಗೆದರೆ ಕೂಡಿಟ್ಟದ್ದೆಲ್ಲ ಹೊರಬೀಳತೊಡಗುತ್ತದೆ. ಹೊಸ ಸಸಿ ನೆಟ್ಟು ಫೋಟೋ ತೆಗೆಸುವುದಕ್ಕಿಂತ ಇರುವ ಕಾಡು ಉಳಿಸುವುದು ದೊಡ್ಡ ಕೆಲಸ.

ಪಾಕ್ ಕೊಲ್ಲಿಯ ಕಡಲಹುಲ್ಲು ಕೂಡ ಇದೇ ಕೆಲಸ ಮಾಡುತ್ತದೆ. ಅದನ್ನು ಮೇಯುವ ಕಡಲಹಸುವಿಗಾಗಿ ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರ್‌ನಲ್ಲಿ ತಂಜಾವೂರು, ಪುದುಕ್ಕೋಟ್ಟೈ ಕರಾವಳಿಯಲ್ಲಿ 448 ಚದರ ಕಿ.ಮೀ. ಮೀಸಲು ಪ್ರದೇಶ ಘೋಷಿಸಿತು. ಹುಲ್ಲಿಗೂ ರಕ್ಷಣೆ ಸಿಕ್ಕಂತಾಯಿತು.

2021ರ ಅರಣ್ಯ ಸಮೀಕ್ಷೆಯಂತೆ ದೇಶದಲ್ಲಿ ಕಾಂಡ್ಲಾ ಕಾಡು 4,992 ಚದರ ಕಿ.ಮೀ. ತಮಿಳುನಾಡಿನ ಪಾಲು 45, ಕರ್ನಾಟಕದ್ದು 13 ಮಾತ್ರ. ಪಿಚ್ಚಾವರಂ 2022ರಲ್ಲಿ, ಉತ್ತರ ಕನ್ನಡದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದವು.

ಈ ಮರಗಳಿಗೆ ಉಪ್ಪುನೀರಷ್ಟೇ ಸಾಲದು, ಹೊಳೆಯ ಸಿಹಿನೀರೂ ಬೇಕು. ಹರಿವು ಕಡಿಮೆಯಾದಷ್ಟೂ ಉಪ್ಪು ಏರಿ, ತಡೆಯಲಾರದ ಜಾತಿಗಳು ಸೊರಗುತ್ತವೆ. ಹಿಂದೆ ಕಡಿದ ಕಡೆ ನೆಲ ತಗ್ಗಾಗಿ, ನಿಂತ ನೀರು ಆವಿಯಾಗಿ ಉಪ್ಪುಗಟ್ಟಿತ್ತು. 1990ರ ದಶಕದಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ ಮತ್ತು ಅರಣ್ಯ ಇಲಾಖೆ ಅಲ್ಲಿ ಕಾಲುವೆ ತೋಡಿ ಭರತದ ನೀರು ಬಂದುಹೋಗುವಂತೆ ಮಾಡಿದ ಮೇಲೆ ಗಿಡ ಮತ್ತೆ ಹಿಡಿಯಿತು.

ನೋಡಬಯಸುವವರು ಚಿದಂಬರಕ್ಕೆ ಹೋದರೆ ಪಿಚ್ಚಾವರಂ ಹತ್ತಿರವೇ ಇದೆ, ಕಾಡಿನೊಳಗೆ ಸುತ್ತಲು ದೋಣಿ ಸಿಗುತ್ತದೆ.