ಮಂಜುಗಡ್ಡೆಯ ಕೆಳಗಿನ ಲೆಕ್ಕ

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. ಸಮೀಕ್ಷೆಯ ಪಾಠ ಬಂದಾಗಲೆಲ್ಲ ಅಲಾಸ್ಕಾದ ಬ್ಯಾರೋ ಊರಿನ ಕತೆ ಹೇಳದೆ ಮುಂದೆ ಹೋಗುವುದಿಲ್ಲ. ಅಮೆರಿಕದ ಉತ್ತರ ತುದಿಯ ಊರದು. 2016ರಲ್ಲಿ ಅದಕ್ಕೆ ಉಟ್ಕಿಯಾಗ್ವಿಕ್ ಎಂಬ ಹಳೆಯ ಹೆಸರು ಮರಳಿತು. ಬೇರಿಂಗ್ ಸಮುದ್ರದಲ್ಲಿ ಚಳಿಗಾಲ ಕಳೆದ ಬೋಹೆಡ್ ತಿಮಿಂಗಿಲಗಳು ಏಪ್ರಿಲ್, ಮೇ ತಿಂಗಳಲ್ಲಿ ಈ ಊರಿನ ಮುಂದೆಯೇ ಹಾದು ಬ್ಯೂಫೋರ್ಟ್ ಸಮುದ್ರಕ್ಕೆ ಹೋಗುತ್ತವೆ. ದಡಕ್ಕೆ ಅಂಟಿದ ಮಂಜುಗಡ್ಡೆಗೂ ಆಚೆ ತೇಲುವ ಮಂಜುಗಡ್ಡೆಗೂ ನಡುವೆ ಆಗ ನೀರಿನ ಓಣಿಯೊಂದು ಬಿಚ್ಚಿಕೊಳ್ಳುತ್ತದೆ. ಅದರ ಅಂಚಿನಲ್ಲಿ ಇನ್ಯೂಪಿಯಾಟ್ ಜನ ಸೀಲ್ ಚರ್ಮ ಹೊದಿಸಿದ ಉಮಿಯಾಕ್ ದೋಣಿಗಳನ್ನಿಟ್ಟುಕೊಂಡು ಕಾಯುತ್ತಾರೆ. ಒಂದು ತಿಮಿಂಗಿಲ ಸಿಕ್ಕರೆ ಊರಿಗೆಲ್ಲ ಪಾಲು. ಜೂನ್‌ನಲ್ಲಿ ನಲುಕತಾಕ್ ಹಬ್ಬ.

ಬೋಹೆಡ್‌ಗೆ ಕುತ್ತು ಬಂದದ್ದು ಈ ದೋಣಿಗಳಿಂದಲ್ಲ. 1848ರಲ್ಲಿ ಥಾಮಸ್ ರಾಯ್ಸ್ ಎಂಬ ಕಪ್ತಾನ ‘ಸುಪೀರಿಯರ್’ ಹಡಗನ್ನು ಬೇರಿಂಗ್ ಜಲಸಂಧಿ ದಾಟಿಸಿದ. ಅವನ ಬೆನ್ನಿಗೇ ನ್ಯೂ ಇಂಗ್ಲೆಂಡಿನ ಹಡಗುಗಳು ಸಾಲುಗಟ್ಟಿದವು. ದೀಪಕ್ಕೆ ಎಣ್ಣೆ, ಹೆಂಗಸರ ಕಾರ್ಸೆಟ್‌ಗೆ ತಿಮಿಂಗಿಲದ ಬಾಯೊಳಗಿನ ಬಾಲೀನ್ ಪಟ್ಟಿ. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಆ ವ್ಯಾಪಾರ ಮುಗಿಯುವ ಹೊತ್ತಿಗೆ ಉಳಿದ ತಿಮಿಂಗಿಲಗಳು ತೀರಾ ಕಡಿಮೆ.

1970ರ ದಶಕದಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜು ಕೆಲವು ನೂರರಿಂದ ಎರಡು ಸಾವಿರದೊಳಗೇ ಇತ್ತು. ಅಲಾಸ್ಕಾದ ಪೆಟ್ರೋಲಿಯಂ ತೈಲದ ದುಡ್ಡು ಬಂದು ಬೇಟೆಯ ತಂಡಗಳೂ ಹೆಚ್ಚಿದ್ದವು. 1977ರಲ್ಲಿ ದಡಕ್ಕೆ ಎಳೆದವಕ್ಕಿಂತ ಈಟಿ ತಗುಲಿ ಕೈತಪ್ಪಿದವೇ ಹೆಚ್ಚು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಗಾಬರಿಗೊಂಡದ್ದರಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಆ ವರ್ಷ ಜೂನ್‌ನಲ್ಲಿ ಅದು ಬೋಹೆಡ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಬೇಟೆಗಾರರು ತಮ್ಮದೇ ಅಲಾಸ್ಕಾ ಎಸ್ಕಿಮೋ ತಿಮಿಂಗಿಲ ಬೇಟೆ ಆಯೋಗ ಕಟ್ಟಿ ನಿಂತರು. ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ರಾಜಿಯಾಯಿತು: ಮುಂದಿನ ವರ್ಷಕ್ಕೆ 12 ತಿಮಿಂಗಿಲ ದಡ ಸೇರುವವರೆಗೆ ಇಲ್ಲವೇ 18ಕ್ಕೆ ಈಟಿ ತಗಲುವವರೆಗೆ, ಯಾವುದು ಮೊದಲೋ ಅಲ್ಲಿಗೆ ಬೇಟೆ ನಿಲ್ಲಬೇಕು. ಅದೂ ಹಲವು ಊರುಗಳಿಗೆ ಸೇರಿ.

ಬೇಟೆಗಾರರು ಹೇಳುತ್ತಿದ್ದುದು ಒಂದೇ ಮಾತು: ನೀವು ಎಣಿಸಿದ್ದು ಓಣಿಯಲ್ಲಿ ಕಂಡವನ್ನು ಮಾತ್ರ. ಹ್ಯಾರಿ ಬ್ರೋವರ್ ಎಂಬ ಹಿರಿಯ ಕಪ್ತಾನರು ಪಶುವೈದ್ಯ ಥಾಮಸ್ ಆಲ್ಬರ್ಟ್ ಅವರಿಗೆ ಇದನ್ನು ಬಿಡಿಸಿ ಹೇಳಿದರು. ತಿಮಿಂಗಿಲಗಳು ಓಣಿಯಿಂದ ದೂರದಲ್ಲೂ, ಮಂಜುಗಡ್ಡೆಯ ಕೆಳಗೂ ಸಾಗುತ್ತವೆ. ಓಣಿ ಮುಚ್ಚಿದರೂ ನಿಲ್ಲುವುದಿಲ್ಲ. ನೆತ್ತಿಯಿಂದ ಗುದ್ದಿ ಹಿಮ ಒಡೆದು ಉಸಿರೆಳೆದುಕೊಳ್ಳುತ್ತವೆ. ಆಲ್ಬರ್ಟ್ ಆ ಮಾತನ್ನು ತಳ್ಳಿಹಾಕಲಿಲ್ಲ, ಕಣ್ಣುಮುಚ್ಚಿ ಒಪ್ಪಲೂ ಇಲ್ಲ. ಪರೀಕ್ಷೆ ಮಾಡಿ ನೋಡಲು ಹೊರಟರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ಗೌರವ ಇರುವುದು ಆ ನಿರ್ಧಾರದ ಮೇಲೆ.

1980ರ ದಶಕದಲ್ಲಿ ಅಲ್ಲಿನ ಸ್ಥಳೀಯ ಸರ್ಕಾರವಾದ ನಾರ್ತ್ ಸ್ಲೋಪ್ ಬರೋ ಗಣತಿಯನ್ನು ತಾನೇ ಕೈಗೆತ್ತಿಕೊಂಡಿತು. ಹಿಮದ ದಿಬ್ಬದ ಮೇಲೆ ಅಟ್ಟಣೆಯಂತೆ ಜಾಗ ಮಾಡಿಕೊಂಡು, ಹಿಮಕರಡಿಗಳ ಮೇಲೂ ಒಂದು ಕಣ್ಣಿಟ್ಟು, ಪಾಳಿಯ ಮೇಲೆ ಎಣಿಕೆ. ಕಂಡ ತಿಮಿಂಗಿಲದ ಜಾಗವನ್ನು ಭೂಮಾಪನದವರ ಥಿಯೋಡೊಲೈಟ್‌ನಿಂದ ಗುರುತಿಸುತ್ತಿದ್ದರು. ಎರಡು ಅಟ್ಟಣೆಗಳಿಂದ ಎರಡು ತಂಡಗಳು ಪರಸ್ಪರ ಮಾತಾಡದೆ ಎಣಿಸುವ ಕ್ರಮವೂ ಇತ್ತು. ಇದರ ಲೆಕ್ಕವನ್ನು ಬೋರ್ಡಿನ ಮೇಲೆ ಹೀಗೆ ಬಿಡಿಸುತ್ತೇನೆ: ಒಂದು ತಂಡಕ್ಕೆ 40 ಕಂಡವು, ಇನ್ನೊಂದಕ್ಕೆ 30, ಇಬ್ಬರಿಗೂ ಕಂಡವು 20 ಎಂದಿಟ್ಟುಕೊಳ್ಳಿ. ಎರಡನೆಯವರಿಗೆ ಕಂಡ 30ರಲ್ಲಿ ಮೊದಲನೆಯವರು ಹಿಡಿದದ್ದು ಮೂರರಲ್ಲಿ ಎರಡು ಪಾಲು. ಹಾಗಾದರೆ ಅವರ 40 ಕೂಡ ಒಟ್ಟಿನ ಮೂರರಲ್ಲಿ ಎರಡು ಪಾಲು, ಒಟ್ಟು 60. ಇಬ್ಬರಿಗೂ ಕಾಣದೆ ಹೋದ 10 ತಿಮಿಂಗಿಲಗಳು ಕಾಗದದ ಮೇಲೆ ಮೂಡುತ್ತವೆ. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಇಟ್ಟು ಹುಲಿಗಳನ್ನು ಅಂದಾಜು ಮಾಡಿದ್ದಕ್ಕೂ ಇದೇ ಗಣಿತದ ಕುಟುಂಬವೇ ಬುನಾದಿ.

ಆದರೆ ಹಿಮದ ಕೆಳಗೆ ಹೋಗುವುದು ಯಾವ ಅಟ್ಟಣೆಗೂ ಕಾಣದು. ಅದಕ್ಕೆ ಹಿಮದ ಅಂಚಿನುದ್ದಕ್ಕೂ ಹೈಡ್ರೋಫೋನ್‌ಗಳನ್ನು, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್‌ಗಳನ್ನು, ನೀರಿಗಿಳಿಸಿದರು. ಬೋಹೆಡ್‌ಗಳು ಸಾಗುತ್ತಾ ಕೂಗುತ್ತವೆ. ಒಂದೇ ಕೂಗು ಬೇರೆ ಬೇರೆ ಹೈಡ್ರೋಫೋನ್‌ಗಳಿಗೆ ತಲುಪುವ ಸಮಯದಲ್ಲಿ ಕೂದಲೆಳೆಯ ಅಂತರವಿರುತ್ತದೆ. ಆ ಅಂತರದಿಂದ ಕೂಗಿದ ಜಾಗ ಸಿಗುತ್ತದೆ. ಓಣಿ ಮುಚ್ಚಿ, ನೋಡುವವರು ಸುಮ್ಮನೆ ಕೂತಿದ್ದ ದಿನಗಳಲ್ಲೂ ಕೆಳಗಿನಿಂದ ಕೂಗು ಕೇಳಿಬಂತು. ಬ್ರೋವರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಅಂದಾಜು ಏರುತ್ತಾ ಹೋಯಿತು. 2001ರ ಗಣತಿ ಹತ್ತು ಸಾವಿರದ ಆಸುಪಾಸಿಗೆ ಬಂತು, 2011ರದ್ದು ಸುಮಾರು 17,000 ಎಂದಿತು. ಈ ಏರಿಕೆಗೆ ಕಾರಣ ಸುಧಾರಿಸಿದ ಎಣಿಕೆಯೊಂದೇ ಅಲ್ಲ, ತಿಮಿಂಗಿಲಗಳೂ ವರ್ಷಕ್ಕೆ ಶೇಕಡ 3ಕ್ಕೂ ಮೀರಿ ಹೆಚ್ಚುತ್ತಿದ್ದವು. 2007ರಲ್ಲಿ ಹಿಡಿದ ಒಂದರ ಮೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಸ್ಫೋಟಕ ಈಟಿಯ ಚೂರು ಸಿಕ್ಕಿತು. ನ್ಯೂ ಇಂಗ್ಲೆಂಡಿನ ಹಡಗುಗಳ ಕಾಲ ಕಂಡಿದ್ದ ಜೀವಗಳೂ ಈ ಗಣತಿಯಲ್ಲಿ ಸೇರಿದ್ದವು.

ಈಗ ಹಿಮವೇ ತೆಳುವಾಗುತ್ತಿದೆ. ಅದರ ಮೇಲೆ ಕೂತು ಎಣಿಸುವುದು ವರ್ಷದಿಂದ ವರ್ಷಕ್ಕೆ ಅಪಾಯದ ಕೆಲಸ. 2019ರಲ್ಲಿ ವಿಮಾನದಿಂದಲೂ ಎಣಿಸಿದರು. ಬೇಟೆ ಮಾತ್ರ ಲೆಕ್ಕದ ಹಿಡಿತದಲ್ಲೇ ನಡೆದಿದೆ: 2018ರಲ್ಲಿ ಅಂತರರಾಷ್ಟ್ರೀಯ ಆಯೋಗ ಅಲಾಸ್ಕಾ ಮತ್ತು ರಷ್ಯಾದ ಚುಕೋಟ್ಕಾ ಜನರಿಗೆ ಸೇರಿ 2019ರಿಂದ ಏಳು ವರ್ಷಕ್ಕೆ 392 ತಿಮಿಂಗಿಲಗಳ ಮಿತಿ ಹಾಕಿತು.