ಯಾವ ಪಟ್ಟಿ, ತಾತ?

ಜಯನಗರ ನಾಲ್ಕನೇ ಬ್ಲಾಕಿನ ಮನೆಯಲ್ಲಿ ಮೊನ್ನೆ ಪೇಪರ್ ಓದುತ್ತಿದ್ದ ಮೊಮ್ಮಗಳು, ‘ತಾತ, ಯೋಜನೆ ಕೆಂಪು ಪಟ್ಟಿಗೆ ಸಿಕ್ಕಿದೆಯಂತೆ. ಆ ಪಟ್ಟಿಯಲ್ಲಿ ಯಾರ‍್ಯಾರ ಹೆಸರಿದೆ?’ ಅಂದಳು. ತಪ್ಪು ಅವಳದಲ್ಲ. ಪಟ್ಟಿ ಅಂದರೆ ಅವಳಿಗೆ ಲಿಸ್ಟು. ಮೂವತ್ತು ವರ್ಷ ಗುಮಾಸ್ತನಾಗಿದ್ದ ನನಗೆ ಅದು ಕಡತ ಕಟ್ಟುವ ಬಟ್ಟೆಯ ದಾರ.

ಇಂಗ್ಲೆಂಡಿನ ಕಚೇರಿಗಳಲ್ಲಿ ದಸ್ತಾವೇಜುಗಳನ್ನು ಇಂಥ ಕೆಂಪು ಪಟ್ಟಿಯಿಂದ ಕಟ್ಟುತ್ತಿದ್ದರು. 19ನೇ ಶತಮಾನದಲ್ಲಿ ಕಾರ್ಲೈಲ್, ಡಿಕನ್ಸ್ ಅಂಥ ಲೇಖಕರು ಅದನ್ನು ಕಚೇರಿಯ ವಿಳಂಬಕ್ಕೆ ಬೈಗುಳ ಮಾಡಿದರು. ನಮ್ಮ ಪತ್ರಿಕೆಗಳು ಬೈಗುಳವನ್ನು ಬಣ್ಣಸಮೇತ ಕನ್ನಡಕ್ಕೆ ಇಳಿಸಿಕೊಂಡವು. ನಾನು ಕಟ್ಟಿದ್ದೆಲ್ಲ ಬಿಳಿ ಪಟ್ಟಿ! ಗಂಟು ಬಿಚ್ಚಲು ಅರ್ಧ ನಿಮಿಷ ಸಾಕು. ಸಾಹೇಬರ ರುಜು ಬೀಳಲು ಆರು ತಿಂಗಳು.

‘ಕೆಂಪು ಪಟ್ಟಿ’ ಎರವಲು ಮಾತಾದರೂ ಕಡತ ನಮ್ಮದೇ. ಹಳೆಯ ಕಡತ ಅಂದರೆ ಕಾಗದದ ಕಂತೆಯಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು. ಶೃಂಗೇರಿ ಮಠದ ಲೆಕ್ಕಪತ್ರ, ಪತ್ರವ್ಯವಹಾರದ ಕಡತಗಳು ಇಂದಿಗೂ ಉಳಿದಿವೆ. ವಸ್ತು ಹೋಯಿತು, ಹೆಸರು ಮಾತ್ರ ಸರ್ಕಾರಿ ಫೈಲಿಗೆ ಅಂಟಿಕೊಂಡಿತು.

‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂದೇಹ ಬಗೆಹರಿಸುತ್ತಿದ್ದ ಜಿ. ವೆಂಕಟಸುಬ್ಬಯ್ಯನವರು (1913–2021) ಜಯನಗರದಲ್ಲೇ ಇದ್ದರು. ‘ಕೆಂಪು ಪಟ್ಟಿ’ಗಿಂತ ಒಳ್ಳೆಯ ಮಾತಿದೆಯೇ ಎಂದು ಕೇಳಲು ಒಂದು ಅಂಚೆ ಕಾರ್ಡು ತಂದಿಟ್ಟಿದ್ದೆ. ಬರೆಯಲೇ ಇಲ್ಲ. ಕಾರ್ಡು ಈಗಲೂ ಬೀರುವಿನಲ್ಲಿ, ಬಿಳಿ ಪಟ್ಟಿ ಕಟ್ಟಿದ ಕಂತೆಯೊಳಗಿದೆ.